ಕಾಗೆಗೆ ಕೊಟ್ಟ ಲಂಡನ್

ಬೊಜ್ಜದ ದಿನ, ಉತ್ತರಕ್ರಿಯೆಯ ಎಲೆಗೆ ಕಾಗೆ ಬರಲಿಲ್ಲ.

ಪುಚೊಂಗ್ ಎಂಬ ಆ ಪರದೇಶದ ಊರಿನಲ್ಲಿ ಕಾಗೆಗೆ ಕೊರತೆ ಎಂದರೆ ಯಾರೂ ನಂಬುವುದಿಲ್ಲ. ಅಲ್ಲಿನ ಕಾಗೆಗಳು ಮಾಮಕ್ ಎಂಬ ಚಾ-ತಿಂಡಿ ಅಂಗಡಿಯಲ್ಲಿ ಗಿರಾಕಿಯ ಎದುರಿನ ಕುರ್ಚಿಯ ಮೇಲೆ ಕೂತು, ಅವನು ರೊಟ್ಟಿ ಮುಗಿಸಿ ಏಳುವವರೆಗೆ ಮರ್ಯಾದೆಯಿಂದ ಕಾಯುತ್ತವೆ. ಆದರೆ ಆ ವಾರ ನಗರಸಭೆಯವರು ಕೋವಿ ಹಿಡಿದು ಬಂದು, ಹಿಂದಿನ ಓಣಿಯ ಮರದಲ್ಲಿದ್ದ ಕಾಗೆಗಳನ್ನು ಹೊಡೆದು ಚೀಲಕ್ಕೆ ತುಂಬಿಸಿಕೊಂಡು ಹೋಗಿದ್ದರು. ಉಳಿದವು ವಿಚಾರವಂತ ಕಾಗೆಗಳಾಗಿದ್ದವು. ದೂರದ ತಂತಿಯ ಮೇಲೆ ಸಾಲಾಗಿ ಕೂತು, ಬಿಳಿ ಪಂಚೆ ಉಟ್ಟ ಗಂಡಸರು ಬಾಳೆಲೆಯಲ್ಲಿ ಅನ್ನ ಇಟ್ಟು ಕಾ ಕಾ ಎಂದು ಕರೆಯುವುದರ ಹಿಂದೆ ಏನು ಹುನ್ನಾರವಿರಬಹುದು ಎಂದು ನೋಡುತ್ತಿದ್ದವು.

ಸತ್ತವರು ಜಯಕರ. ಕಾಪು ಕಡೆಯವರು, ಇಲ್ಲಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುತ್ತಿದ್ದರು. ಎಲೆಯಲ್ಲಿ ಅನ್ನ, ಕೋಳಿ ಸುಕ್ಕ, ಹುರಿದ ಬಂಗುಡೆ, ಅವರು ಇಷ್ಟಪಡುತ್ತಿದ್ದ ಉದ್ದಿನ ವಡೆ. ಊರಿನ ಲೆಕ್ಕದಲ್ಲಿ ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಆಸೆ ಬಾಕಿ ಇದೆ. ಆಗ ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದು, ಇಂಥದ್ದನ್ನು ನಾವು ಮಾಡುತ್ತೇವೆ ಎಂದು ಬಾಯಿ ಬಿಟ್ಟು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿಯುತ್ತದೆ.

ಬ್ರಿಕ್‌ಫೀಲ್ಡ್ಸ್ ಪೇಟೆಯ ಹೋಟೆಲಿನಲ್ಲಿ ಅಡಿಗೆಗಿದ್ದು ವಯಸ್ಸಾದ ವಿಠಲಣ್ಣ, ಇಲ್ಲಿನ ಊರಿನವರ ಮಟ್ಟಿಗೆ ಸಾವಿನ ವಿಷಯದಲ್ಲಿ ಕೊನೆಯ ಮಾತು ಹೇಳುವವರು. ಅವರೇ ನಿಂತು ಹೇಳಿಸಿದರು. ಜಯಕರರ ಮಗಳು ಶ್ರೀಯಾ ಮದುವೆಯಾಗುತ್ತೇನೆ ಎಂದಳು. ಕಾಗೆ ಅಲುಗಲಿಲ್ಲ. ದಾಯಾದಿಯೊಬ್ಬರು ವಿಡಿಯೊ ಕರೆಯಲ್ಲಿ ಕಾಪುವಿನಿಂದಲೇ ಜಾಗದ ತಕರಾರು ಬಿಡುತ್ತೇನೆ ಎಂದರು. ಕಾಗೆಯೂ ಅದನ್ನು ನಂಬಲಿಲ್ಲ. ಬಿಸಿಲು ಏರಿತು. ವಡೆಯ ಮೇಲೆ ಇರುವೆ ಬಂತು. ಜಯಕರರ ಹೆಂಡತಿ ವಾರಿಜಾ ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಕಾಗೆ ಮುಟ್ಟದೆ ನಾನು ಒಳಗೆ ಬರುದಿಲ್ಲ. ಒಂದು ಗುಟುಕು ನೀರೂ ಬೇಡ."

"ಅಕ್ಕ, ಸಕ್ಕರೆ ಕಾಯಿಲೆ ಉಂಟು ನಿಂಗೆ."

"ಉಂಟಾದ್ರೆ ಇರ್ಲಿ."

ಕಾಯಿಲೆಯ ನೆನಪು ಮಾಡಿದವನು ಅವಳ ತಮ್ಮ ಕೀರ್ತಿರಾಜ್. ನೀರಿನ ಫಿಲ್ಟರ್ ಮಾರುತ್ತಾನೆ. ಅವನ ಬಾಯಿಂದ ಬಂದ ಮಾತಿನಲ್ಲಿ ಮೂರನೇ ಒಂದು ಪಾಲು ನಿಜ ಎಂದು ಹಿತೈಷಿಗಳು ಹೇಳುತ್ತಾರೆ. ಆ ಪಾಲು ಯಾವುದು ಎಂದು ಅವರಿಗೂ ತಿಳಿಯದು. ಆದ್ದರಿಂದ ವಿಠಲಣ್ಣ ಅವನನ್ನು ಕೊನೆಗೆ ಇಟ್ಟುಕೊಂಡಿದ್ದರು.

"ಕೀರ್ತಿ, ಉಳಿದದ್ದು ನೀನೊಬ್ನೆ. ಏನಾದ್ರೂ ಹೇಳು ಮಾರಾಯ. ಇವತ್ತೊಂದು ದಿನ ಸತ್ಯ ಹೇಳು."

ಕೀರ್ತಿರಾಜ್ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅಕ್ಕನ ತುಟಿ ಬೆಳ್ಳಗಾಗುತ್ತಿದ್ದುದು ಅವನಿಗೆ ಕಾಣುತ್ತಿತ್ತು. ಬೇರೇನೂ ತೋಚಲಿಲ್ಲ.

"ಭಾವ, ನಿಮ್ಮನ್ನು ಲಂಡನ್ನಿಗೆ ಕರ್ಕೊಂಡು ಹೋಗ್ತೇನೆ."

ತಂತಿಯಿಂದ ಒಂದು ಕಾಗೆ ಬಿತ್ತು. ಹಾರಿತು ಎನ್ನುವ ಹಾಗಿಲ್ಲ. ನಗರಸಭೆಯವರ ಕೋವಿಯ ಚರೆ ತಗುಲಿ ಅದರ ಒಂದು ರೆಕ್ಕೆ ಜೋತಿತ್ತು. ಕುಂಟಿಕೊಂಡು ಎಲೆಯವರೆಗೆ ಬಂದು, ಕೀರ್ತಿರಾಜನ ಮುಖವನ್ನೇ ನೋಡಿ, ಬಂಗುಡೆಯ ತಲೆ ಕಚ್ಚಿಕೊಂಡು ಹೋಯಿತು. ಹೆಂಗಸರು ಅತ್ತರು. ವಿಠಲಣ್ಣ ಕೈಮುಗಿದರು. ಆಮೇಲೆ ಕೀರ್ತಿರಾಜನ ಭುಜದ ಮೇಲೆ ಕೈಯಿಟ್ಟು, ಬೀಗರ ಮನೆಗೆ ಸಾಮಾನು ಒಪ್ಪಿಸುವವರ ಧ್ವನಿಯಲ್ಲಿ ಹೇಳಿದರು.

"ಕಾಗೆಗೆ ಕೊಟ್ಟ ಮಾತು. ತಪ್ಪಿದ್ರೆ ಅವರಿಗೆ ಗತಿ ಇಲ್ಲ, ನಿನಗೂ ಇಲ್ಲ."

ಲಂಡನ್ ಯಾಕೆ ಬಂತು ಎಂದರೆ, ಅದು ಆ ಮನೆಯಲ್ಲಿ ಬಹಳ ಕಾಲದಿಂದ ಇತ್ತು. ಹಿಂದೊಮ್ಮೆ ಕೀರ್ತಿರಾಜನ ಫಿಲ್ಟರ್ ಕಂಪನಿಯವರು ಅತಿ ಹೆಚ್ಚು ಮಾರಿದವನಿಗೆ ಲಂಡನ್ ಪ್ರವಾಸ ಎಂದು ಸಾರಿದ್ದರು. ಕೀರ್ತಿರಾಜ್ ಊರಿಗೆಲ್ಲ ಹೇಳಿದ, ಸೂಟ್‌ಕೇಸ್ ತಂದ, ಅಕ್ಕನಿಂದ ಚಟ್ನಿಪುಡಿ ಮಾಡಿಸಿಕೊಂಡ. ಬಹುಮಾನ ಇನ್ನೊಬ್ಬನಿಗೆ ಹೋಯಿತು. ಆದರೆ ಚಟ್ನಿಪುಡಿ ಆಗಿಹೋಗಿತ್ತು. ಅವನು ಒಂದು ವಾರ ಕಾಣೆಯಾಗಿ, ಆಮೇಲೆ ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಲಂಡನ್ನಿನಿಂದ ಬಂದ.

ಬಂದವನು ಎಲ್ಲರಂತೆ ದೊಡ್ಡಸ್ತಿಕೆ ಹೇಳಲಿಲ್ಲ. ಅವನ ಲಂಡನ್ ಬಡವರ ಲಂಡನ್. ಟೂರಿಸ್ಟ್ ಬಸ್ಸು ಯಾಕೆ, ಊರಿನ ಕೆಂಪು ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದರೆ ಅದೇ ಸೇತುವೆ, ಅದೇ ಗಡಿಯಾರ. ದೊಡ್ಡ ಮ್ಯೂಸಿಯಮ್ಮುಗಳು ಪುಕ್ಕಟೆ, ಒಳಗೆ ಬೆಚ್ಚಗೂ ಇರುತ್ತದೆ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸಿದ ಬ್ರೆಡ್ಡು. ಇಷ್ಟು ಇಂಟರ್‌ನೆಟ್ಟಿನದು. ಮುಂದಿನದ್ದು ಅವನದ್ದು. ಅರಮನೆಯ ಮುಂದೆ ಕರಡಿ ಟೊಪ್ಪಿ ಹಾಕಿ ಕಲ್ಲಿನ ಹಾಗೆ ನಿಂತ ಕಾವಲುಗಾರ ತುಟಿ ಅಲುಗಿಸದೆ, ಅಣ್ಣ, ಸ್ವಲ್ಪ ಮೂಗು ತುರಿಸಿಕೊಡು ಎಂದು ಕೇಳಿದ್ದು. ಇಗರ್ಜಿಯ ಬೆಂಚಿನ ಮೇಲೆ ಮಲಗಿದಾಗ ಪಾದ್ರಿ ಬಂದು ಬಲಿಪೀಠದ ಬಟ್ಟೆಯನ್ನೇ ಹೊದೆಸಿದ್ದು. ಥೇಮ್ಸ್ ಹೊಳೆಯಲ್ಲಿ ಗಾಳ ಹಾಕಿ ಬಂಗುಡೆ ಹಿಡಿದದ್ದು.

"ಬಂಗುಡೆಯಾ? ಹೊಳೆಯಲ್ಲಾ?" ಎಂದು ಭಾವ ಕೇಳಿದ್ದರು.

"ಉಬ್ಬರದಲ್ಲಿ ದಾರಿ ತಪ್ಪಿ ಬರ್ತವೆ ಭಾವ. ಪಾಪ, ಊರಿಗೆ ಹೊಸಬ್ರು."

"ಹಾಗೆ ಹೇಳು."

ಅನಾಟಮಿ ಕಲಿಸುವ ಮನುಷ್ಯ ಇದನ್ನೆಲ್ಲ ಗಂಭೀರವಾಗಿ ತಲೆಯಾಡಿಸಿ ಕೇಳುತ್ತಿದ್ದರು. ಅವರಿಗೂ ಲಂಡನ್ನಿನಲ್ಲಿ ಒಂದು ಕೆಲಸವಿತ್ತು. ಅಲ್ಲೊಂದು ಕಡೆ ಹಳೆಯ ಕಾಲದ ವೈದ್ಯರು ಮನುಷ್ಯನ ಒಳಗಿನದನ್ನೆಲ್ಲ ಗಾಜಿನ ಭರಣಿಗಳಲ್ಲಿ ಇಟ್ಟಿದ್ದಾರೆ, ಅದನ್ನು ನೋಡಬೇಕು. ಹಳೆ ಬಟ್ಟೆ ಮಾರುವ ಬಂಡಲ್ ಅಂಗಡಿಯಿಂದ ದಪ್ಪನೆಯ ನೀಲಿ ಉಣ್ಣೆಯ ಕೋಟು ಕೊಂಡು ತಂದರು. ಅದರ ಒಳಜೇಬಿನಲ್ಲಿ ಯಾವನೋ ಜಪಾನಿನವನ ಹೆಸರು ಹೊಲಿದಿತ್ತು. ಮುಂದಿನ ವರ್ಷ ಹೋಗುವ ಎನ್ನುತ್ತಿದ್ದರು. ಶ್ರೀಯಾಳ ಪರೀಕ್ಷೆ ಮುಗಿಯಲಿ ಎಂದು ವಾರಿಜಾ ಹೇಳಿದಳು. ಅದಾದ ಮೇಲೆ, ಅವಳ ಕಾಲೇಜು ಮುಗಿಯಲಿ ಎಂದಳು. ಅಷ್ಟರಲ್ಲಿ ಭಾವನ ಮೂತ್ರಪಿಂಡಗಳೆರಡೂ ಮುಗಿದವು.

ಆಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಬ್ರಿಕ್‌ಫೀಲ್ಡ್ಸಿನ ಒಂದು ಅಂಗಡಿ ಸಾಲಿನ ಮಹಡಿಯಲ್ಲಿ, ಸಾಲು ಕುರ್ಚಿ, ಸಾಲು ಯಂತ್ರ. ಎಸಿಯ ಚಳಿ ಸಾಲದೆಂದು ರಕ್ತವೂ ಹೊರಗೆ ಹೋಗಿ ತಣ್ಣಗಾಗಿ ಬರುತ್ತದೆ. ಭಾವ ಲಂಡನ್ನಿನ ಕೋಟನ್ನು ಅಲ್ಲಿ ಹಾಕಿಕೊಳ್ಳತೊಡಗಿದರು. ಎಡಗೈಗೆ ಸೂಜಿ ಚುಚ್ಚುವುದರಿಂದ ಆ ತೋಳು ಖಾಲಿ ನೇತಾಡುತ್ತಿತ್ತು. ಜೊತೆಗೆ ಕೂರುವ ಕೆಲಸ ಕೀರ್ತಿರಾಜನದು.

"ಶುರು ಮಾಡು. ಇವತ್ತು ಎಲ್ಲಿಗೆ?"

"ಇವತ್ತು ಹೊಳೆ ಬದಿಯಲ್ಲಿ ನಡೆಯುದು ಭಾವ. ನಡೆಯುದಕ್ಕೆ ಟಿಕೆಟ್ ಇಲ್ಲ."

"ಕಾಲು ನೋಯ್ತದೆ."

"ಅಲ್ಲಲ್ಲಿ ಬೆಂಚು ಉಂಟು. ಸತ್ತವರ ಹೆಸರು ಬರೆದು ಇಟ್ಟಿದ್ದಾರೆ. ಕೂತ್ಕೊಳ್ಳುದಕ್ಕೆ ಅವರೇನೂ ಕೇಳುದಿಲ್ಲ."

ಯಂತ್ರ ಕೂಗಿದಾಗ ಲಂಡನ್ ಮುಗಿಯುತ್ತಿತ್ತು. ಆಯ್ತು ಭಾವ, ವಿಮಾನಕ್ಕೆ ಹೊತ್ತಾಯ್ತು, ವಾಪಸ್ ಹೋಗುವ ಎಂದು ಅವನು ಹೇಳಲೇಬೇಕು. ಹೇಳದೆ ಭಾವ ಕುರ್ಚಿ ಬಿಡುತ್ತಿರಲಿಲ್ಲ. ಹೀಗೆ ಅವರು ಮೂರು ವರ್ಷ ಲಂಡನ್ನಿಗೆ ಹೋಗಿ ಬಂದರು. ಒಂದು ದಿನ, ಕುರ್ಚಿಯ ಸರದಿ ಬರುವ ಮೊದಲೇ, ಮನೆಯಲ್ಲಿ ಚಪ್ಪಲಿ ಹಾಕುತ್ತಾ ಬಗ್ಗಿದವರು ಏಳಲಿಲ್ಲ.

ಬೊಜ್ಜ ಮುಗಿದ ಮಾರನೇ ದಿನದಿಂದ ವಾರಿಜಾ ಮೀನು ಬಿಟ್ಟಳು.

ಕರಾವಳಿಯ ಹೆಂಗಸು ಮೀನು ಬಿಡುವುದೆಂದರೆ ಏನೆಂದು ಕೀರ್ತಿರಾಜನಿಗೆ ಗೊತ್ತಿತ್ತು. ಅವಳು ರಾತ್ರಿಯ ಊಟವನ್ನೂ ಬಿಟ್ಟಿದ್ದಳು. ಅವರು ಲಂಡನ್ ಮುಟ್ಟುವವರೆಗೆ ನನಗೆ ಒಂದೇ ಹೊತ್ತು ಎಂದಳು. ಸಕ್ಕರೆಯ ಮಾತ್ರೆಯನ್ನು ಮಾತ್ರ ಎರಡು ಹೊತ್ತೂ ನುಂಗುತ್ತಿದ್ದಳು, ಡಾಕ್ಟರರ ಮಾತು ಮೀರಬಾರದು ಎಂದು.

"ನೀನು ಹೋಗಿ ಬಂದವ. ಕಡಿಮೆಯಲ್ಲಿ ಹೇಗೆ ಅಂತ ನಿನಗೇ ಗೊತ್ತುಂಟು. ಕೋಟು ತಕ್ಕೊಂಡು ಹೋಗುವ, ಆ ಭರಣಿಗಳ ಮುಂದೆ ಒಂದು ಸಲ ಹಿಡಿದು ತೋರಿಸುವ. ಅಷ್ಟೇ."

ಹೊತ್ತು ಬಹಳ ಇರಲಿಲ್ಲ. ಅವಳು ಈ ದೇಶದಲ್ಲಿ ಇದ್ದದ್ದು ಗಂಡನ ಕೆಲಸದ ಮೇಲೆ. ಗಂಡ ಹೋದ ಮೇಲೆ ಇಲ್ಲಿ ಇರಲು ಕೊಟ್ಟ ಪಾಸು ಹೋಗುತ್ತದೆ; ಸಾಮಾನು ಕಟ್ಟಿ ಊರಿಗೆ ಹೊರಡಲು ಸ್ವಲ್ಪ ಸಮಯ ಕೊಟ್ಟಿದ್ದರು. ಶ್ರೀಯಾಳಿಗೆ ಬಾಂಗ್ಸಾರಿನ ಆಫೀಸಿನಲ್ಲಿ ಕೆಲಸವಿತ್ತು, ಅವಳು ಉಳಿಯುತ್ತಾಳೆ. ಲಂಡನ್ ವೀಸಾಕ್ಕೆ ಬೇಕಾದದ್ದೆಲ್ಲ ಲ್ಯಾಪ್‌ಟಾಪಿನಲ್ಲಿ ತುಂಬಿಸುತ್ತಾ ಅವಳು ಮಾಮನನ್ನು ಕೇಳಿದಳು.

"ಮಾಮ, ವಿಚ್ ಇಯರ್ ಡಿಡ್ ಯು ಗೋ?"

ಕೀರ್ತಿರಾಜ್ ಫ್ಯಾನಿನ ರೆಕ್ಕೆ ಎಣಿಸಿದ.

"ಹಳೆ ಪಾಸ್‌ಪೋರ್ಟ್ ನೀರಲ್ಲಿ ಬಿತ್ತು."

"ವಾಟ್ ವಾಟರ್?"

"ಫಿಲ್ಟರ್ ಡೆಮೊ ಮಾಡ್ತಾ ಇದ್ದೆ."

ಶ್ರೀಯಾ ಅವನನ್ನು ಒಂದು ಗಳಿಗೆ ನೋಡಿದಳು. "ಓಕೆ ಲಾ," ಎಂದು, ಹೋಗಿಲ್ಲ ಎನ್ನುವ ಕಡೆ ಒತ್ತಿ ಮುಂದೆ ಹೋದಳು. ಅಮ್ಮನಿಗೆ ಹೇಳಲಿಲ್ಲ.

ಅಕ್ಕನ ವೀಸಾ ಬರಲಿಲ್ಲ. ವಾರಿಜಾಳಿಗೆ ಇಲ್ಲಿ ಸ್ವಂತ ಮನೆಯಿಲ್ಲ, ಕೆಲಸವಿಲ್ಲ, ಇರುವ ಪಾಸೂ ಮುಗಿಯುತ್ತಿದೆ. ಲಂಡನ್ನಿಗೆ ಹೋದವಳು ವಾಪಸು ಎಲ್ಲಿಗೆ ಬರುತ್ತಾಳೆ ಎಂಬುದು ವೀಸಾ ಕಚೇರಿಯವರ ಪ್ರಶ್ನೆ. ವಾರಿಜಾ ಆ ಪ್ರಶ್ನೆಯನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದಳು. "ಸರಿಯಾಗೇ ಕೇಳಿದ್ದಾರೆ," ಎಂದಳು.

"ನಾನೊಬ್ನೇ ಕೋಟು ತಕ್ಕೊಂಡು ಹೋಗಿ ಬರ್ತೇನೆ ಅಕ್ಕ," ಎಂದ ಕೀರ್ತಿರಾಜ್.

"ನಿನ್ನನ್ನು ಒಬ್ಬನನ್ನೇ ಕಳಿಸುದಾ?" ಎಂದಳು ವಾರಿಜಾ. ಯಾಕೆ ಬೇಡ ಎಂದು ಹೇಳಲಿಲ್ಲ.

ಆ ವಾರ ಅವಳು ಶ್ರೀಯಾಳನ್ನು ನೋಡಲು ಬಾಂಗ್ಸಾರಿಗೆ ಹೋದವಳು ಎಲ್‌ಆರ್‌ಟಿ ರೈಲು ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದಳು. ಯಾರೋ ತಮಿಳು ಹೆಂಗಸು ಬಾಯಿಗೆ ಸಕ್ಕರೆ ಹಾಕಿ, ಫೋನು ತೆಗೆದು ಕೀರ್ತಿರಾಜನನ್ನು ಕರೆಸಿದಳು. ಅವನು ಹೋದಾಗ ಅಕ್ಕ ನೆಲದ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಹಣೆ ಒಡೆದು ಸೀರೆಯ ಮೇಲೆ ರಕ್ತ.

"ಅಕ್ಕ, ಸಾಕು. ರಾತ್ರಿ ಉಣ್ಣು. ಭಾವ ಏನೂ ಅಂದ್ಕೊಳ್ಳುದಿಲ್ಲ."

"ಅಂದ್ಕೊಳ್ಳುದಿಲ್ಲ ಅಂತ ನಿನಗೆ ಹೇಗೆ ಗೊತ್ತು? ಮುಂದಿನ ವರ್ಷ, ಮುಂದಿನ ವರ್ಷ ಅಂತ ಹೇಳಿದವಳು ನಾನಲ್ವಾ? ಕಾಗೆ ಅದಕ್ಕೇ ಬರ್ಲಿಲ್ಲ. ಎಲ್ರೂ ನೋಡಿದ್ರು."

ಕಾಗೆ ಬಾರದ್ದು ಕೋವಿಯ ಹೆದರಿಕೆಗೆ, ಬಂದದ್ದು ಹಸಿವಿಗೆ ಎಂದು ಕೀರ್ತಿರಾಜ್ ಬಾಯಿವರೆಗೆ ತಂದ. ಜೀವಮಾನದಲ್ಲಿ ಅಪರೂಪಕ್ಕೆ ಬಂದ ನಿಜ. ಹಣೆಯ ಗಾಯ ನೋಡಿ ನುಂಗಿಕೊಂಡ. ಈ ನಿಜದಿಂದ ಯಾರ ಹೊಟ್ಟೆಯೂ ತುಂಬುವಂತಿರಲಿಲ್ಲ. ಹೀಗೇ ಹೋದರೆ ಊರಿಗೆ ಹೋಗುವ ಮೊದಲು ಅಕ್ಕ ಭಾವನಲ್ಲಿಗೇ ಹೋಗುತ್ತಾಳೆ ಎಂದು ಅವನಿಗೆ ಅನ್ನಿಸಿತು.

ಅವಳು ಹೊರಡುವ ಹಿಂದಿನ ದಿನ ಬೆಳಿಗ್ಗೆ ಅವನಿಗೆ ಫೋನು ಬಂತು. ಊಟಕ್ಕೆ ಬಾ, ಮೀನು ತಾ.

ಮನೆಯಲ್ಲಿ ಧ್ವನಿ ಕೊಟ್ಟರೆ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಸಾಮಾನೆಲ್ಲ ಹೋಗಿ ಊಟದ ಮೇಜು, ಮೂರು ಕುರ್ಚಿ ಉಳಿದಿದ್ದವು. ಒಂದು ಕುರ್ಚಿಯ ಬೆನ್ನಿಗೆ ನೀಲಿ ಕೋಟು. ವಾರಿಜಾ ಬಂಗುಡೆ ಹುರಿದು, ಕೋಟಿನ ಎದುರು ಎಲೆ ಹಾಕಿ ಬಡಿಸಿದಳು. ಊರಿನಲ್ಲಿ ಸತ್ತವರನ್ನು ಒಳಗೆ ಕರೆಯುವಾಗ ಮಾಡುವ ಹಾಗೆ ದೀಪ ಹಚ್ಚಿದಳು. ಆಮೇಲೆ ಬಾಗಿಲು ಎಳೆದು ಹೊರಗೆ ಕಾಯಬೇಕು. ಅವಳು ಹೊರಗೆ ಹೋಗದೆ ಅಲ್ಲೇ ಕೂತಳು.

"ಹೇಳು."

"ಎಂತ ಹೇಳುದು?"

"ಲಂಡನ್. ಅಲ್ಲಿ ಹೇಳ್ತಿದ್ದಿಯಲ್ಲ, ಕುರ್ಚಿ ಹತ್ರ. ಹಾಗೆ. ಕರ್ಕೊಂಡು ಹೋಗು."

"ಅಕ್ಕ, ಅದು ಲೆಕ್ಕಕ್ಕೆ ಬರ್ತದಾ? ನಾನು ಆ ಲಂಡನ್..."

"ನೀನು ಹೋಗ್ಲಿಲ್ಲ ಅಂತ ಅವರಿಗೆ ಗೊತ್ತಿತ್ತು."

ಕೀರ್ತಿರಾಜ್ ಕೋಟನ್ನು ನೋಡಿದ. ಅದು ಜಪಾನಿನವನ ಹೆಸರನ್ನು ಒಳಗಿಟ್ಟುಕೊಂಡು ಸುಮ್ಮನಿತ್ತು.

"ನೀನು ಲಂಡನ್ನಲ್ಲಿದ್ದ ವಾರವೇ ಅವರು ನಿನ್ನನ್ನು ಬ್ರಿಕ್‌ಫೀಲ್ಡ್ಸಲ್ಲಿ ಕಂಡಿದ್ರು. ಬಾಳೆಲೆ ಊಟದ ಹೋಟ್ಲಲ್ಲಿ, ಟೊಪ್ಪಿ ಹಾಕಿ, ಕಪ್ಪು ಕನ್ನಡಕ ಹಾಕಿ, ಎರಡನೇ ಸಲ ಸಾರು ಹಾಕಿಸ್ಕೊಳ್ತಾ ಇದ್ದಿಯಂತೆ. ಮನೆಗೆ ಬಂದು ನಗಾಡಿ ನಗಾಡಿ ಹೇಳಿದ್ರು. ನೀನು ವಾಪಸ್ ಬಂದಾಗ ಏನೂ ಕೇಳ್ಬೇಡ ಅಂದ್ರು ನಂಗೆ. ಪಾಪ, ಅಷ್ಟು ದೂರದಿಂದ ಬರ್ತಾನೆ ಅಂದ್ರು."

"ಮತ್ತೆ ಯಾಕೆ ಅಷ್ಟು ವರ್ಷ ಕೇಳಿದ್ರು?"

"ನಾನೂ ಕೇಳಿದೆ. ಬೇರೆಯವರು ಬಂದ್ರೆ ಕಾಯಿಲೆ ಬಗ್ಗೆ ಮಾತಾಡ್ತಾರೆ, ಇವನಿಗೆ ಅದು ನೆನಪೇ ಇರುದಿಲ್ಲ ಅಂದ್ರು." ಅವಳು ಎಲೆಯ ತುದಿ ಸರಿಮಾಡಿದಳು. "ಅವರು ಹೋದ ಲಂಡನ್ ಅದೊಂದೇ. ಇನ್ನೊಂದಕ್ಕೆ ನನ್ನ ಹತ್ರ ವೀಸಾ ಇಲ್ಲ. ಹೇಳು."

ಕೀರ್ತಿರಾಜ್ ಬಾಯಿ ತೆರೆದ. ಬಾಯಿ ತೆರೆದೊಡನೆ ತಾನಾಗಿ ಹರಿಯುತ್ತಿದ್ದದ್ದು, ಇವತ್ತು ಒಂದು ಶಬ್ದ ಎತ್ತಿ ಇಡುವುದಕ್ಕೂ ಎರಡು ಕೈ ಬೇಕಾದ ಹಾಗೆ ಭಾರವಾಗಿತ್ತು. ಹೋಗಿಲ್ಲ ಎಂದು ಗೊತ್ತಿರುವವರ ಮುಂದೆ ಹೋದ ಕಥೆ ಹೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಅಥವಾ ಅಭ್ಯಾಸವಿತ್ತು, ಅದು ಅವನಿಗೆ ತಿಳಿದಿರಲಿಲ್ಲ.

"ಬಸ್ಸು ಹತ್ತಿದ್ವಿ," ಎಂದ ಕೊನೆಗೆ.

"ಮಹಡಿಯಲ್ಲಾ?"

"ಮಹಡಿಯಲ್ಲಿ. ಮುಂದಿನ ಸೀಟು. ಒಬ್ಳು ಮುದುಕಿ ಕೂತಿದ್ಳು, ಭಾವನನ್ನು ನೋಡಿ ಎದ್ಳು. ಮಳೆ ಇಲ್ಲ. ಸೇತುವೆ ದಾಟಿದ್ವಿ. ಅರಮನೆ ಹತ್ರ ಆ ಕಾವಲಿನವ ಇನ್ನೂ ನಿಂತಿದ್ದಾನೆ. ಭಾವನೇ ಹೋಗಿ ಮೂಗು ತುರಿಸಿದ್ರು."

"ಅವರು ಹಾಗೆ ಮಾಡುವವರೇ." ವಾರಿಜಾ ಕಣ್ಣು ಮುಚ್ಚಿದ್ದಳು.

"ಆಮೇಲೆ ಭರಣಿಗಳು. ಪುಕ್ಕಟೆ. ಗೋಡೆಗೆ ಗೋಡೆಯೇ ಭರಣಿ. ಹೃದಯ ಉಂಟು, ಪಿತ್ತಕೋಶ ಉಂಟು. ಮೂತ್ರಪಿಂಡದ ಮುಂದೆ ಭಾವ ಬಹಳ ಹೊತ್ತು ನಿಂತ್ರು. ಮುನ್ನೂರು ವರ್ಷ ಹಳೇದು, ನನ್ನದಕ್ಕಿಂತ ಚೆನ್ನಾಗಿ ಉಂಟಲ್ಲ ಕೀರ್ತಿ ಅಂದ್ರು."

ವಾರಿಜಾಳ ಮುಚ್ಚಿದ ಕಣ್ಣಿನಿಂದ ನೀರು ಇಳಿದು, ಹಣೆಯಿಂದ ಕೆನ್ನೆಗೆ ಇಳಿದಿದ್ದ ಪ್ಲಾಸ್ಟರಿನ ಅಂಚಿಗೆ ತಾಗಿತು. ಅವಳು ಒರೆಸಿಕೊಳ್ಳಲಿಲ್ಲ.

"ಆಮೇಲೆ?"

"ಹೊಳೆ ಬದಿಗೆ ಬಂದ್ವಿ. ಬೆಂಚು. ಕೂತ್ರು. ನಾನು ಗಾಳ ಹಾಕಿದೆ."

ಇಲ್ಲಿಗೆ ಬಂದಾಗ ಕೀರ್ತಿರಾಜ್ ನಿಂತ. ಇಷ್ಟು ವರ್ಷ ಇಲ್ಲಿ ಯಂತ್ರ ಕೂಗುತ್ತಿತ್ತು. ಭಾವ, ವಿಮಾನಕ್ಕೆ ಹೊತ್ತಾಯ್ತು. ಮುಂದಿನ ಮಾತು ನಾಲಿಗೆಯ ಮೇಲೆ ತಾನಾಗಿ ಬಂದು ಕೂತಿತ್ತು. ಅದನ್ನು ಹೇಳಿದರೆ ಅವರು ಏಳುತ್ತಾರೆ. ಎದ್ದು, ಒಂದು ತೋಳು ಖಾಲಿ ಬಿಟ್ಟು, ಈ ಖಾಲಿ ಮನೆಗೆ, ಆ ಕುರ್ಚಿಗೆ, ಆ ಸೂಜಿಗೆ ವಾಪಸು ಬರುತ್ತಾರೆ. ಕಾಗೆಗೆ ಕೊಟ್ಟ ಮಾತಿನಲ್ಲಿ ಕರೆದುಕೊಂಡು ಹೋಗುವುದಷ್ಟೇ ಇತ್ತು. ಕರೆತರುವುದು ಇರಲಿಲ್ಲ.

"ಭಾವ," ಎಂದ ಅವನು, ಕೋಟಿನ ಕಡೆ ತಿರುಗದೆ, "ನಾವು ಹೊರಡ್ತೇವೆ. ನೀವು ಇಲ್ಲೇ ಇರಿ."

ಹೊರಗೆ ಓಣಿಯಲ್ಲಿ ಗ್ಯಾಸ್ ಸಿಲಿಂಡರಿನ ಲಾರಿ ಹೋಯಿತು.

"ಎಂತ ಹೇಳಿದ್ರು?"

"ಏನೂ ಹೇಳ್ಲಿಲ್ಲ. ಹೊಳೆ ನೋಡ್ತಾ ಇದ್ದಾರೆ."

"ಚಳಿ ಉಂಟಾ ಅಲ್ಲಿ?"

"ಉಂಟು."

"ಕೋಟು?"

"ಹಾಕ್ಕೊಂಡಿದ್ದಾರೆ. ಎರಡೂ ತೋಳಿಗೆ ಕೈ ಹಾಕಿದ್ದಾರೆ. ಗುಂಡಿ ಹಾಕಿದ್ದಾರೆ."

ವಾರಿಜಾ ಕಣ್ಣು ತೆರೆದು, ಎದುರು ಕುರ್ಚಿಯಲ್ಲಿ ನೇತಾಡುತ್ತಿದ್ದ ಕೋಟನ್ನು ನೋಡಿದಳು. ಎದ್ದು ಅದನ್ನು ತೆಗೆದು, ತೋಳುಗಳನ್ನು ಒಳಕ್ಕೆ ಮಡಚಿ, ಬಾಗಿಲ ಬಳಿ ಬೇಡದ ಬಟ್ಟೆಯ ಗಂಟಿನ ಮೇಲೆ ಇಟ್ಟಳು. ನಾಳೆ ಅದು ಮತ್ತೆ ಬಂಡಲ್ ಅಂಗಡಿಗೆ ಹೋಗುತ್ತದೆ. ಕೀರ್ತಿರಾಜ್ ತನಗೆ ಕೊಡು ಎಂದು ಕೇಳಬೇಕೆಂದಿದ್ದ. ಕೇಳಲಿಲ್ಲ.

ಅವಳು ಹಿತ್ತಿಲ ಬಾಗಿಲು ತೆಗೆದು ಒಮ್ಮೆ ನೋಡಿದಳು. ತಂತಿಯ ಮೇಲೆ ಒಂದೂ ಕಾಗೆ ಇರಲಿಲ್ಲ. ನಿನ್ನೆ ನಗರಸಭೆಯವರು ಮತ್ತೆ ಬಂದಿದ್ದರೆಂದು ಪಕ್ಕದ ಮನೆಯವರು ಹೇಳಿದ್ದರು. ಬಾಗಿಲು ಹಾಕಿ ಬಂದು, ಗಂಡನ ಎಲೆಯ ಮುಂದೆ ಕೂತು, ಬಂಗುಡೆಯ ಒಂದು ಬದಿ ಬಿಡಿಸಿ ಅನ್ನದ ಜೊತೆ ಕಲಸಿ ಬಾಯಿಗಿಟ್ಟಳು. ನಿಧಾನವಾಗಿ ಜಗಿದಳು. ಇನ್ನೊಂದು ಬದಿ ಬಿಡಿಸಿ ತಮ್ಮನ ಕಡೆ ನೂಕಿದಳು.

"ಉಪ್ಪು ಹಾಕಿದ್ದೇನಾ ನಾನು?"

ಕೀರ್ತಿರಾಜ್ ಬಾಯಿಗಿಟ್ಟ. ಹಾಕಿರಲಿಲ್ಲ. ಒಂದು ಕಾಳೂ ಇರಲಿಲ್ಲ.

"ಸರಿಯಾಗಿ ಉಂಟು ಅಕ್ಕ," ಎಂದ ಕೀರ್ತಿರಾಜ್. "ಉಣ್ಣು."